ಕೋರಂ ತುಂಬಿದ ದಿನ

ಠರಾವಿನ ಪುಸ್ತಕವನ್ನು ದುಪಟ್ಟಾದೊಳಗೆ ಅವುಚಿಕೊಂಡು ಡಾಕ್ಟರ್ ಶೈಲಾ ಚಪ್ಪಲಿ ಬಿಡಲು ಜಾಗ ಹುಡುಕುತ್ತಿದ್ದಳು. ದಾದಾಸಾಹೇಬನ ಅಂಗಳದಿಂದ ಹಿಡಿದು ಓಣಿಯ ನಲ್ಲಿಯವರೆಗೆ ಬರೀ ಚಪ್ಪಲಿಗಳೇ. ಹೊಳೆವಾಡಿಯಲ್ಲಿ ಇಷ್ಟು ಜನ ಒಂದೇ ಮನೆಯ ಮುಂದೆ ಸೇರುವುದು ಚುನಾವಣೆಯ ಹಿಂದಿನ ದಿನ ಮಾತ್ರ, ಅವತ್ತೂ ಯಾರೂ ಹೀಗೆ ಬಾಯಿ ಮುಚ್ಚಿಕೊಂಡು ಕೂರುವುದಿಲ್ಲ.

ಶಾಮಿಯಾನದ ಕೆಳಗೆ ದಾದಾಸಾಹೇಬನ ಹೆಂಡತಿ ಸುಂದರಾ ಬಿಳಿ ಸೀರೆಯಲ್ಲಿ ಮಲಗಿದ್ದಳು. ತಲೆಯ ಬಳಿ ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ, ಎರಡರ ಮುಂದೂ ಮೇಣದಬತ್ತಿ. ನಿನ್ನೆ ಸಂಜೆ ದ್ರಾಕ್ಷಿ ತೋಟದ ಕೆಲಸ ಮುಗಿಸಿ ಬಂದವಳು ಕೈಕಾಲು ತೊಳೆದುಕೊಂಡು, ಎದೆ ಹಿಡಿದ ಹಾಗಾಗುತ್ತಿದೆ ಎಂದು ಗೋಡೆಗೆ ಒರಗಿದಳು. ಮತ್ತೆ ಏಳಲಿಲ್ಲ. ಮಗಳು ಸರಿತಾ ಇಚಲಕರಂಜಿಯಿಂದ ಬರಬೇಕಿತ್ತು. ಅವಳು ಬಂದು ತಾಯಿಯ ಮುಖ ನೋಡುವವರೆಗೆ ಎಲ್ಲರೂ ಕಾಯಬೇಕು.

ಶೈಲಾ ಹೂ ಇಟ್ಟು ಕೈಮುಗಿದು ಸುಂದರಾಳ ಸೊಸೆ ಮನಿಷಾಳ ಪಕ್ಕ ಕೂತಳು. ಮನಿಷಾ ತುಂಬಿದ ಬಸುರಿ. ಅತ್ತೆಯ ತಲೆಯ ಬಳಿ ಬೆಳಗಿನಿಂದ ಕೂತು ಅವಳ ಕಾಲುಗಳು ಬಾತುಹೋಗಿದ್ದವು.

"ಕಾಲ ಚಾಚಿ ಕುಂದರ್ವಾ," ಎಂದಳು ಶೈಲಾ ಮೆಲ್ಲಗೆ.

ಮನಿಷಾ ಅವಳ ದುಪಟ್ಟಾದ ಕೆಳಗೆ ಉಬ್ಬಿದ ಪುಸ್ತಕವನ್ನೇ ನೋಡಿದಳು. "ಬಾಯಾರ, ಇವತ್ತ ಮೀಟಿಂಗ ಇತ್ತಲ್ರಿ?"

"ಇತ್ತು. ಹನ್ನೊಂದಕ್ಕ ದವಾಖಾನ್ಯಾಗ ಕುರ್ಚಿ ಹಾಕಿಸಿ ಕುಂತಿದ್ನಿ. ಯಾರೂ ಬರ್ಲಿಲ್ಲ. ಎಲ್ಲಾರೂ ಇಲ್ಲೆ ಬಂದಾರ."

"ಇವತ್ತ ಸಂಜಿಗೇ ಕಡೀ ಅಂತ ಆಯಿ ಹೇಳತಿದ್ಲು," ಎಂದಳು ಮನಿಷಾ ಅತ್ತೆಯ ಮುಖ ನೋಡುತ್ತ.

ಶೈಲಾ ಪುಸ್ತಕವನ್ನು ಇನ್ನಷ್ಟು ಒಳಗೆ ಸರಿಸಿಕೊಂಡಳು. ಮನಿಷಾ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಇವತ್ತ ಆಗಲಿಲ್ಲಂದ್ರ ಆಯಿ ಮಾಡಿದ್ದೆಲ್ಲಾ ಆಕಿ ಜೋಡಿನ ಮಣ್ಣಾಗತೈತ್ರಿ ಬಾಯಾರ."

ಮಾತು ನಿಜವಾಗಿತ್ತು. ಈ ಸಲ ತಾಲೂಕಿಗೆ ಬರುವವಳು ಒಬ್ಬಳೇ ಹೆರಿಗೆ ನರ್ಸು. ಅವಳ ವಾಸಕ್ಕೆ ದವಾಖಾನೆಯ ವಸತಿಗೃಹ ಖಾಲಿ ಮಾಡಿಕೊಡುತ್ತೇವೆ ಎಂದು ಊರಿನ ಆರೋಗ್ಯ ರಕ್ಷಾ ಸಮಿತಿ ಠರಾವು ಮಾಡಿ ಇವತ್ತು ಸಂಜೆಯೊಳಗೆ ಅಥಣಿಯ ತಾಲೂಕು ಕಚೇರಿಗೆ ಮುಟ್ಟಿಸಿದರೆ ಅವಳು ಹೊಳೆವಾಡಿಗೆ ಬರುತ್ತಾಳೆ, ಇಲ್ಲದಿದ್ದರೆ ಬೇರೆ ಊರಿಗೆ. ವಸತಿಗೃಹದಲ್ಲಿ ಇದ್ದದ್ದು ಸಮಿತಿಯ ಅಧ್ಯಕ್ಷ ಸಾವಕಾರ ಮುರಗೆಪ್ಪನ ದ್ರಾಕ್ಷಿ ಕ್ರೇಟುಗಳು. ನೆಲದಿಂದ ಮಾಳಿಗೆಯವರೆಗೆ. ಸರ್ಕಾರಿ ಕಟ್ಟಡ, ಸೋರುವುದಿಲ್ಲ, ಬಾಡಿಗೆ ಇಲ್ಲ; ಇಂಥ ಜಾಗ ಅವನು ಯಾಕೆ ಬಿಟ್ಟಾನು?

*

ಸಮಿತಿಗೆ ತಾನು ಸೇರಿದ ಸಂಗತಿ ಸುಂದರಾಳಿಗೆ ಎಷ್ಟೋ ದಿನ ಗೊತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಮುರಗೆಪ್ಪ ತೋಟದಲ್ಲಿ ನಿಂತಿದ್ದಾಗ ಶಾಸಕರ ಕಚೇರಿಯಿಂದ ಫೋನು ಬಂತು. ದವಾಖಾನೆ ಸಮಿತಿಗೆ ಹೆಸರು ಬೇಕು, ಅಧ್ಯಕ್ಷ ನೀವೇ. ತನ್ನ ಜೊತೆ ತಿರುಗಾಡುವ ಪಂಚಾಯ್ತಿ ಮೆಂಬರ್ ನಿತಿನನನ್ನು ಮುರಗೆಪ್ಪ ಮೊದಲು ಸೇರಿಸಿದ. ಔಷಧಿ ಅಂಗಡಿಯ ಶ್ರೀಪಾಲ, ಸ್ವಸಹಾಯ ಸಂಘದ ನೀಲಮ ಆದರು. ಇನ್ನೂ ಇಬ್ಬರು ಹೆಣ್ಣುಮಕ್ಕಳು ಬೇಕು, ಒಬ್ಬರು ಪರಿಶಿಷ್ಟ ಜಾತಿಯವರು ಎಂದಿತು ಆ ಕಡೆಯ ದನಿ. ಎದುರಿಗೆ ಸುಂದರಾ ಬಳ್ಳಿ ಕಟ್ಟುತ್ತಿದ್ದಳು, ಮುರಗೆಪ್ಪ ಅವಳ ಹೆಸರು ಹೇಳಿದ. ಇನ್ನೊಂದು ಜಾಗ ಖಾಲಿ ಉಳಿದರೆ ಯಾರಾದರೂ ನುಸುಳಿಯಾರು ಎಂದು ತನ್ನ ಹೆಂಡತಿ ಕಸ್ತೂರೆವ್ವನ ಹೆಸರು ಸೇರಿಸಿದ. ಫೋನು ಕಿಸೆಗೆ ಹಾಕಿಕೊಂಡ. ಇಬ್ಬರಲ್ಲಿ ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಏನಿದೆ ಅದರಲ್ಲಿ?

ಸುಂದರಾಳಿಗೆ ಗೊತ್ತಾಗಿದ್ದು ದವಾಖಾನೆಯ ಸಿಪಾಯಿ ಕುನಾಲ ಪುಸ್ತಕ ಹಿಡಿದುಕೊಂಡು ಮನೆಮನೆ ತಿರುಗುತ್ತ ಬಂದಾಗ. ಸಭೆ ನಡೆಸುವುದಕ್ಕಿಂತ ಸಹಿ ಮಾಡಿಸುವುದು ಸಲೀಸು ಎಂದು ಆ ಊರಿನಲ್ಲಿ ಎಲ್ಲ ಸಮಿತಿಗಳೂ ಅದೇ ದಾರಿ ಹಿಡಿದಿದ್ದವು.

"ಇಲ್ಲೊಂದು ಸಹಿ ಮಾಡ್ರಿ ಮಾವಶಿ, ಮೀಟಿಂಗ ಆಗೇತಿ," ಎಂದ ಕುನಾಲ.

"ಯಾವಾಗ ಆತೋ?"

"ಹ್ವಾದ ಸ್ವಾಮಾರ."

"ನಾ ಇದ್ನ್ಯಾ?"

"ಇದ್ರಿ. ಚಹಾ ಕುಡದು ಬಿಸ್ಕೀಟ ತಿಂದೀರಿ ಅಂತ ಬಿಲ್ ಸೈತ ಆಗೇತಿ."

ಸುಂದರಾ ಸೊಂಟದ ಮೇಲೆ ಕೈ ಇಟ್ಟುಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನಾ ಕುಡದ ಚಹಾ ನನಗ ಗೊತ್ತಿಲ್ಲಲೋ ಖೋಡಿ! ಹೋಗಿ ಹೇಳ ನಿಮ್ಮ ಸಾವಕಾರಗ. ಮೀಟಿಂಗ ಕರೀಲಿ, ಬರ್ತೀನಿ. ಚಹಾ ಕುಡೀತೀನಿ. ಆಮ್ಯಾಲ ಸಹಿ."

ಮುಂದಿನ ತಿಂಗಳು ಸಭೆಯ ದಿನ ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು ದವಾಖಾನೆಗೆ ಹೋಗಿ ಕುರ್ಚಿಯ ಮೇಲೆ ಕೂತಳು. ಯಾರೂ ಬರಲಿಲ್ಲ. ಅದರ ಮುಂದಿನ ತಿಂಗಳೂ ಹೋದಳು. ಅರ್ಧ ದಿನದ ಕೂಲಿ ಹೋಗುತ್ತಿತ್ತು. ದಾದಾಸಾಹೇಬ ಗೊಣಗಿದರೆ, "ಹೆಸರ ಅವರು ಹಾಕ್ಯಾರ, ಕುರ್ಚಿ ನನ್ನದೈತಿ," ಎನ್ನುತ್ತಿದ್ದಳು. ಅವಳ ಹಟ ನೋಡಿ ನಾಚಿಕೊಂಡು ಶ್ರೀಪಾಲ ಬರತೊಡಗಿದ, ಆಮೇಲೆ ನೀಲಮ. ಹೊಸದಾಗಿ ಬಂದ ಡಾಕ್ಟರ್ ಶೈಲಾ ಪುಸ್ತಕವನ್ನು ಮನೆಮನೆ ಕಳಿಸುವ ಪದ್ಧತಿಯನ್ನೇ ನಿಲ್ಲಿಸಿದಳು. ಸಭೆ ಎಂದರೆ ಸಭೆ. ಆದರೆ ಆರು ಜನರಲ್ಲಿ ನಾಲ್ವರು ಕೂತರಷ್ಟೇ ಕೋರಂ, ಕೋರಂ ಇಲ್ಲದೆ ಠರಾವಿಲ್ಲ; ಡಾಕ್ಟರಿಗೆ ಪುಸ್ತಕ ಬರೆಯುವ ಕೆಲಸ ಮಾತ್ರ, ಮತವಿಲ್ಲ. ಮುರಗೆಪ್ಪ ಇದನ್ನು ಚೆನ್ನಾಗಿ ತಿಳಿದವನು. ಸಭೆಯ ದಿನ ಬಂತೆಂದರೆ ಅವನಿಗೆ ಸಾಂಗಲಿಯಲ್ಲಿ ಕೆಲಸ, ನಿತಿನನಿಗೆ ಚಿಕ್ಕೋಡಿಯಲ್ಲಿ ಕೆಲಸ.

*

ಮುರಗೆಪ್ಪ ದೊಡ್ಡ ಹಾರ ಹಿಡಿದುಕೊಂಡು ನಿತಿನನ ಜೊತೆ ಅಂಗಳಕ್ಕೆ ಬಂದ. ಪಂಚಾಯ್ತಿ ಚುನಾವಣೆ ಹತ್ತಿರವಿತ್ತು, ಹಾರ ಆ ಅಳತೆಗೆ ಇತ್ತು. ಅವನ ಹಿಂದೆಯೇ ಬಂದ ಕಸ್ತೂರೆವ್ವ ಗಂಡನ ಕಡೆ ನೋಡದೆ ಹೆಂಗಸರ ನಡುವೆ ಹೋಗಿ, ಸುಂದರಾಳ ಪಾದ ಮುಟ್ಟಿ, ಅಲ್ಲೇ ನೆಲದ ಮೇಲೆ ಕೂತಳು.

ಹಾರ ಹಾಕಿ ಕೂತ ಮುರಗೆಪ್ಪ ಗಂಟಲು ಸರಿಮಾಡಿಕೊಂಡ. "ಡಾಕ್ಟರಬಾಯಾರ, ಇಂಥಾ ನಿಷ್ಠಾವಂತ ಸದಸ್ಯೆ ಹೋಗ್ಯಾಳ. ಇವತ್ತಿನ ಸಭಾ ಮುಂದ ಹಾಕ್ರಿ. ಒಂದ ಶ್ರದ್ಧಾಂಜಲಿ ಠರಾವ ಬರದ ಬಿಡ್ರಿ ಸಾಕು."

"ಇವತ್ತ ಆಗದಿದ್ರ ನರ್ಸ್ ಬ್ಯಾರೆ ಊರಿಗೆ ಹೋಗ್ತಾಳ್ರಿ," ಎಂದಳು ಶೈಲಾ.

"ಹೋಗ್ಲಿ ಬಿಡ್ರಿ. ಸಾವಿಗಿಂತ ದೊಡ್ಡದೇನ್ರಿ ಅದು? ಸದಸ್ಯರು ತೀರಿಕೊಂಡ್ರ ಸಭಾ ಮುಂದ ಹಾಕೂದು ಪದ್ಧತಿ. ಅಸೆಂಬ್ಲ್ಯಾಗ ಸೈತ ಹಂಗ ಮಾಡ್ತಾರ."

ನಿತಿನ ತಲೆಯಾಡಿಸಿದ. ಮೂಲೆಯಲ್ಲಿ ಕೂತಿದ್ದ ಒಂದಿಬ್ಬರು ಮುದುಕರೂ ತಲೆಯಾಡಿಸಿದರು. ಶೈಲಾಳಿಗೆ ಸಿಟ್ಟು ಬಂತು, ಅಳುವೂ ಬಂತು. ಸುಂದರಾಳ ಹೆಸರಿನಿಂದಲೇ ಸುಂದರಾಳ ಕೆಲಸ ಮುರಿಯುವುದು ಎಷ್ಟು ಸುಲಭವಾಗಿತ್ತು!

ಔಷಧಿ ಅಂಗಡಿಯ ಶ್ರೀಪಾಲ ಸುತ್ತ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ: "ಬಾಯಾರ, ಸಭಾ ದವಾಖಾನ್ಯಾಗ ಆಗಬೇಕಂತ ಕಾಯ್ದೆ ಐತ್ಯೇನ್ರಿ?"

"ಇಲ್ಲ. ಊರಾಗ ಎಲ್ಲಿ ಕುಂತ್ರೂ ನಡೀತೈತಿ. ಹನ್ನೊಂದರ ಸಭಾ ಇಲ್ಲಿಗೆ ಬಂತು ಅಂತ ಬರಕೋಬಹುದು."

"ಹಂಗಾರ ನೋಡ್ರಿ. ಸಾವಕಾರ್ರು ಅದಾರ, ನಿತಿನ ಅದಾನ, ನೀಲಮಕ್ಕ ಅದಾಳ, ನಾ ಅದೀನಿ. ನಾಕ ಜನ ಆತು."

ಅಂಗಳದಲ್ಲಿ ಗುಸುಗುಸು ಎದ್ದಿತು. ಮುರಗೆಪ್ಪನ ಮುಖ ಕೆಂಪಾಯಿತು. "ಏನಪಾ ಶ್ರೀಪಾಲ, ಹೆಣಾ ಅಂಗಳದಾಗ ಇಟಗೊಂಡ ಮೀಟಿಂಗ ಮಾಡೂ ಮಂದಿ ಏನ್ ನಾವು? ಮನಿಯವರ ಮುಖಾನರ ನೋಡ್ರಿ!"

ಎಲ್ಲರೂ ದಾದಾಸಾಹೇಬನ ಕಡೆ ತಿರುಗಿದರು. ಹೆಂಡತಿಯ ಪಕ್ಕ ಕೂತಿದ್ದ ಆ ಮನುಷ್ಯ ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ಜನ್ಮದಲ್ಲಿ ಸಾವಕಾರನ ಎದುರು ಕೂತು ಮಾತಾಡಿದವನೂ ಅಲ್ಲ. ಮಗ ವಿಕ್ರಾಂತ ಬಸ್ ಕಂಡಕ್ಟರು, ನಾಲ್ಕು ಜನರ ಮುಂದೆ ಮಾತಾಡಿ ಗೊತ್ತಿದ್ದವನು. ಅವನು ಏನೋ ಹೇಳಲು ಬಾಯಿ ತೆರೆದ. ದಾದಾಸಾಹೇಬ ಕೈ ಎತ್ತಿ ಅವನನ್ನು ತಡೆದ.

"ಸಾವಕಾರ್ರ," ಎಂದ. "ನಾಕ ವರ್ಷ ಈಕಿ ನಿಮ್ಮೆಲ್ಲಾರ ದಾರಿ ಕಾಯ್ದ ಕಾಯ್ದ ಬರ್ತಿದ್ಲ್ರಿ. ಒಂದಿನಾನೂ ಎಲ್ಲಾರೂ ಒಂದ ಕಡೆ ಕೂಡ್ಲಿಲ್ಲ. ಇವತ್ತ ಆಕಿ ಕರೀದಿದ್ರೂ ಬಂದೀರಿ. ಮಗಳು ಬರೂತನ ನಾವೂ ಸುಮ್ನ ಕುಂತೇವಿ." ಅವನು ಕಣ್ಣು ಒರೆಸಿಕೊಂಡ. "ಮಾಡ್ರಿ ಮೀಟಿಂಗ. ಆಕಿ ಮುಂದ ಮಾಡ್ರಿ."

ಮುರಗೆಪ್ಪ ಏಳಲು ನೆಲಕ್ಕೆ ಕೈ ಊರಿದ. ಊರಿದ ಕೈ ಅಲ್ಲೇ ಉಳಿಯಿತು. ಬೇರೆ ಯಾವ ಸಭೆಯಿಂದ ಬೇಕಾದರೂ ಅವನು ಎದ್ದು ಹೋಗಬಹುದಿತ್ತು, ಎಷ್ಟೋ ಸಭೆಗಳಿಂದ ಹೋಗಿಯೂ ಇದ್ದ. ಆದರೆ ಆ ಸೀಮೆಯಲ್ಲಿ ಸಾವಿನ ಮನೆಗೆ ಬಂದು ಕೂತವನು ಹೆಣ ಏಳುವ ಮೊದಲು ಏಳುವ ಹಾಗಿಲ್ಲ. ಎದ್ದರೆ ಆ ಅಪಚಾರವನ್ನು ಮೊಮ್ಮಕ್ಕಳ ಕಾಲದವರೆಗೆ ಆಡಿಕೊಳ್ಳುತ್ತಾರೆ, ಅದೂ ಚುನಾವಣೆಯ ವರ್ಷದಲ್ಲಿ. ನಿತಿನ ಅವನ ಮುಖ ನೋಡಿದ, ಅವನು ನಿತಿನನ ಮುಖ ನೋಡಿದ. ಇಬ್ಬರೂ ಕೂತೇ ಇದ್ದರು.

ಆಮೇಲೆ ಮುರಗೆಪ್ಪನ ಮುಖ ಸ್ವಲ್ಪ ಸಡಿಲವಾಯಿತು. ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದ. ಶ್ರೀಪಾಲ, ನೀಲಮ ಒಂದು ಕಡೆ. ತಾನು, ನಿತಿನ ಇನ್ನೊಂದು ಕಡೆ. ಸಮಸಮ ಬಂದರೆ ಅಧ್ಯಕ್ಷನ ಮಾತೇ ಕೊನೆ. ಸುಂದರಾ ಇದ್ದಿದ್ದರೆ ಕಷ್ಟವಿತ್ತು.

"ಆತು. ನಿಮ್ಮ ಇಚ್ಛಾ," ಎಂದ ದೊಡ್ಡ ಮನಸ್ಸು ಮಾಡಿದವನ ಹಾಗೆ. "ಪುಸ್ತಕ ತಗೀರಿ ಬಾಯಾರ."

*

ಕಳೆದ ವರ್ಷ ಮನಿಷಾಳಿಗೆ ದಿನ ತುಂಬುವ ಮೊದಲೇ ನೋವು ಬಂದಾಗ ಹೊತ್ತು ಮುಳುಗುತ್ತಿತ್ತು. ದವಾಖಾನೆಗೆ ಬೀಗ. ಆಗ ಇದ್ದ ನರ್ಸು ಊರಲ್ಲಿ ಉಳಿಯಲು ಮನೆಯಿಲ್ಲದೆ ಐದೂವರೆಯ ಬಸ್ಸಿಗೆ ಅಥಣಿಗೆ ಹೋಗಿಬಿಡುತ್ತಿದ್ದಳು. ಅಂಬುಲೆನ್ಸು ಮಂಗಸೂಳಿಯ ಕಡೆ ಹೋಗಿತ್ತು. ಸುಂದರಾ ಓಡಿಹೋಗಿ ಸಾವಕಾರನ ಮನೆಯ ಬಾಗಿಲು ಬಡಿದಳು. ಮುರಗೆಪ್ಪ ಊರಲ್ಲಿರಲಿಲ್ಲ. ಕಸ್ತೂರೆವ್ವ ಯಾರನ್ನೂ ಕೇಳದೆ ಟೆಂಪೋ ಹೊರಡಿಸಿದಳು, ತಾನೂ ಹತ್ತಿದಳು.

ದಾರಿಯ ನಡುವೆ, ಖಾಲಿ ಕ್ರೇಟುಗಳ ಮಧ್ಯೆ ಕೂಸು ಹುಟ್ಟಿತು. ಗಂಡುಕೂಸು. ಕಸ್ತೂರೆವ್ವ ತನ್ನ ಸೆರಗಿನಲ್ಲಿ ಹಿಡಿದುಕೊಂಡು ಬೆನ್ನು ತಟ್ಟಿದಳು, ಪಾದ ತಟ್ಟಿದಳು, ಬಾಯೊಳಗೆ ಊದಿದಳು. ಅದು ಅಳಲಿಲ್ಲ. ಹೊತ್ತಿಗೆ ಸರಿಯಾಗಿ ತಿಳಿದವರ ಕೈ ಬಿದ್ದಿದ್ದರೆ ಉಳಿಯುತ್ತಿತ್ತು ಎಂದು ಅಥಣಿಯ ಡಾಕ್ಟರು ಹೇಳಿದರು.

ಹದಿನೈದು ದಿನದ ಮೇಲೆ ತೋಟದಲ್ಲಿ ಗೊನೆ ಸವರುತ್ತ ಸುಂದರಾ ಹೇಳಿದಳು: "ಅಕ್ಕಾರ, ಸಿಸ್ಟರ್ ಇರೂ ಮನ್ಯಾಗ ನಿಮ್ಮ ಕ್ರೇಟ ಅದಾವ್ರಿ."

ಕಸ್ತೂರೆವ್ವನ ಕೈ ನಿಂತಿತು. ಆ ಮನೆಯ ಕೀಲಿ ಅವಳ ಸೊಂಟದಲ್ಲೇ ಇತ್ತು. ಕ್ರೇಟು ಎಣಿಸಿ ಒಳಗೆ ಇಡಿಸುತ್ತಿದ್ದವಳೂ ಅವಳೇ. ಅದು ಯಾರ ಮನೆ ಎಂದು ಅವಳು ಒಂದು ದಿನವೂ ಕೇಳಿಕೊಂಡಿರಲಿಲ್ಲ.

"ನಾ ಏನ ಮಾಡ್ಲೇ ಸುಂದರಾ? ಅವರಿಗೆ ಹೇಳಿದ್ರ, ನಿನಗ್ಯಾಕ ಅದೆಲ್ಲಾ ಅಂತಾರ."

"ನಿಮಗ್ಯಾಕ ಅಂದ್ರ? ನೀವೂ ಮೆಂಬರ್ ಅದೀರಿ. ನನ್ನ ಹೆಸರಿನ ಕೆಳಗ ನಿಮ್ಮ ಹೆಸರೈತಿ."

ಕಸ್ತೂರೆವ್ವ ಬಾಯಿ ಬಿಟ್ಟುಕೊಂಡು ನೋಡಿದಳು. ಅವತ್ತಿನಿಂದ ಸುಂದರಾ ಪ್ರತಿ ತಿಂಗಳು ದವಾಖಾನೆಯಿಂದ ನೇರ ತೋಟಕ್ಕೆ ಬಂದು ಸಭೆಯ ಸುದ್ದಿ ಒಪ್ಪಿಸುತ್ತಿದ್ದಳು. ಯಾರು ಬಂದರು, ಯಾರು ಬರಲಿಲ್ಲ, ಡಾಕ್ಟರಬಾಯಿ ಎಷ್ಟು ಸಿಟ್ಟಾದರು. ಕೊನೆಗೆ ನಗುತ್ತ, "ನಿಮ್ಮ ಕುರ್ಚೀನೂ ಖಾಲಿ ಇತ್ರಿ ಅಕ್ಕಾರ," ಎನ್ನುವಳು. ಕಸ್ತೂರೆವ್ವ ಬಳ್ಳಿಯ ಮರೆಗೆ ಮುಖ ತಿರುಗಿಸುವಳು. ಅವಳಿಗೆ ಧೈರ್ಯ ಸಾಲುತ್ತಿರಲಿಲ್ಲ. ಸುಂದರಾಳೂ ಜೋರು ಮಾಡಲಿಲ್ಲ, ಬಿಡಲೂ ಇಲ್ಲ.

*

ಶೈಲಾ ಎದ್ದು ನಿಂತು ವಿಷಯ ಓದಿದಳು. ವಸತಿಗೃಹವನ್ನು ಇಂದೇ ಖಾಲಿ ಮಾಡಿಸಿ ಹೆರಿಗೆ ನರ್ಸಿನ ವಾಸಕ್ಕೆ ಕೊಡುವುದು.

"ಒಪ್ಪಿಗಿ ಇದ್ದವರು ಕೈ ಎತ್ತರಿ."

ಶ್ರೀಪಾಲ ಎತ್ತಿದ. ನೀಲಮ ಎತ್ತಿದಳು. ಜನರೆಲ್ಲ ನಿತಿನನ ಕಡೆ ನೋಡಿದರು. ನಿತಿನ ನೆಲ ನೋಡಿದ. ಮನಿಷಾ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕಣ್ಣು ಮುಚ್ಚಿದಳು.

"ಇಬ್ರು ಇಬ್ರು," ಎಂದ ಮುರಗೆಪ್ಪ. "ಸಮಸಮ ಆತು. ಅಧ್ಯಕ್ಷ ಅಂತ ನಾ ಏನ್ ಹೇಳ್ತೀನಂದ್ರ..."

ಹೆಂಗಸರ ನಡುವಿನಿಂದ ಕಸ್ತೂರೆವ್ವ ಎದ್ದು ನಿಂತಳು.

"ನೀ ಯಾಕ ಎದ್ದಿ? ಕುಂದರ," ಎಂದ ಮುರಗೆಪ್ಪ.

ಅವಳು ಕೂರಲಿಲ್ಲ. ಬಲಗೈ ಮೇಲೆತ್ತಿದಳು. ಬಳೆಗಳು ಮೊಣಕೈವರೆಗೆ ಜಾರಿದವು.

"ಏ, ಮೆಂಬರ್ ಮಂದಿ ಕೈ ಎತ್ತಾಕತ್ತಾರ. ನಿನಗೇನ ಬಂದೈತಿ?"

"ಅವರೂ ಸದಸ್ಯರ್ರಿ," ಎಂದಳು ಶೈಲಾ. ಇಷ್ಟು ಹೊತ್ತೂ ಅವಳಿಗೂ ಅದು ಹೊಳೆದಿರಲಿಲ್ಲ. "ಕಸ್ತೂರೆವ್ವ ಮುರಗೆಪ್ಪ. ನೀವ ಹೆಸರು ಕೊಟ್ಟೀರಿ."

ಮುರಗೆಪ್ಪನಿಗೆ ಆ ಕ್ಷಣ ನಿಜವಾಗಿಯೂ ದಿಕ್ಕು ತೋಚಲಿಲ್ಲ. ಯಾರೂ ನುಸುಳದಿರಲಿ ಎಂದು ತಾನೇ ಮುಚ್ಚಿದ ಕಿಂಡಿ ಅದು, ತನ್ನ ಮನೆಯೊಳಗಿನಿಂದಲೇ ತೆರೆದುಕೊಂಡಿತ್ತು. ಬಾಯಿಗೆ ಬಂದದ್ದು ಹೊರಗೆ ಬಿತ್ತು. "ಆಕಿ ಎಲ್ಲಿ ಮೆಂಬರ್ರಿ! ಆಕಿ ಸಹಿ ನಾನ ಮಾಡ್ತಿದ್ನಿ!"

ಸಾವಿನ ಮನೆ ಎನ್ನುವುದು ಮರೆತು ಹಿಂದೆ ಯಾರೋ ಕಿಸಕ್ಕೆಂದರು. ದಾದಾಸಾಹೇಬನೂ ನಗು ತಡೆಯಲು ಹೆಗಲ ಮೇಲಿನ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ.

ಕಸ್ತೂರೆವ್ವ ನಗಲಿಲ್ಲ. ಅವಳ ಕಣ್ಣು ಸುಂದರಾಳ ಮುಖದ ಮೇಲಿತ್ತು. "ಹೌದ್ರಿ, ಇಷ್ಟ ದಿನ ನೀವ ಮಾಡೀರಿ," ಎಂದಳು ಗಂಡನಿಗೆ. "ಇವತ್ತ ನಾನ ಬಂದೀನಿ. ಆ ಕೂಸು ನನ್ನ ಉಡ್ಯಾಗ ಹೋಗೇತಿ. ಇನ್ನೊಂದು ಹೋಗಗೊಡಂಗಿಲ್ಲ. ಬರಕೋರಿ ಬಾಯಾರ, ಮೂರ ಕೈ."

ಎತ್ತಿದ ಕೈಯನ್ನು ಅವಳು ಇಳಿಸಲೇ ಇಲ್ಲ. ಶೈಲಾ ಬರೆದು ಮುಗಿಸಿ ಪುಸ್ತಕ ಮುಂದೆ ಹಿಡಿದ ಮೇಲೆಯೇ ಅದು ಕೆಳಗಿಳಿದು ಪೆನ್ನು ಹಿಡಿಯಿತು. ಸಹಿ ಮಾಡಲು ಬಹಳ ಹೊತ್ತು ಬೇಕಾಯಿತು, ಯಾರೂ ಅವಸರ ಮಾಡಲಿಲ್ಲ. ಮನಿಷಾ ಅತ್ತೆಯ ಕೆನ್ನೆಗೆ ಕೆನ್ನೆ ಇಟ್ಟು ಜೋರಾಗಿ ಅತ್ತಳು. ಬೆಳಗಿನಿಂದ ಅವಳು ಹಾಗೆ ಅತ್ತದ್ದು ಅದೇ ಮೊದಲು, ಆದರೆ ಅದು ದುಃಖದ್ದೊಂದೇ ಅಳುವಾಗಿರಲಿಲ್ಲ. ಯಾರೋ "ಜೈ ಭೀಮ್" ಎಂದರು. ಅಂಗಳವೆಲ್ಲ ಅದನ್ನು ತಿರುಗಿ ಹೇಳಿತು. ಓಣಿಯೂ ಹೇಳಿತು.

ಶೈಲಾ ಠರಾವಿನ ಫೋಟೋ ತೆಗೆದು ಅಲ್ಲಿಂದಲೇ ಅಥಣಿಗೆ ಕಳಿಸಿದಳು. ಫೋಟೋ ನಂಬಿ ಕೂರುವ ಕಾಲವಲ್ಲ ಇದು. ವಿಕ್ರಾಂತನ ಗೆಳೆಯನೊಬ್ಬ ಆ ಹೊತ್ತಿನ ಬಸ್ಸಿನ ಕಂಡಕ್ಟರು, ಒಂದು ಪ್ರತಿ ಅವನ ಕೈಯಲ್ಲಿ ಹೋಯಿತು. ಸುಂದರಾಳ ದೇಹ ಏಳುವ ಮೊದಲೇ ಉತ್ತರ ಬಂತು. ನರ್ಸು ಸೋಮವಾರ ಹಾಜರಾಗುತ್ತಾಳೆ, ಮನೆ ಸಿದ್ಧವಿರಲಿ. ಶೈಲಾ ಅದನ್ನು ಗಟ್ಟಿಯಾಗಿ ಓದಿದಳು, ಕೇಳಿಸದವರಿಗಾಗಿ ಇನ್ನೊಂದು ಸಲ ಓದಿದಳು.

*

ಸರಿತಾ ಬಂದಳು, ತಾಯಿಯ ಮೇಲೆ ಬಿದ್ದು ಅತ್ತಳು. ತ್ರಿಶರಣ ಪಂಚಶೀಲ ಹೇಳಿದ ಮೇಲೆ ಸುಂದರಾಳನ್ನು ಹೆಗಲಿಗೆ ಎತ್ತಿಕೊಂಡರು. ಹೆಗಲು ಕೊಟ್ಟವರಲ್ಲಿ ಹೆಚ್ಚಿನವರು ಮುರಗೆಪ್ಪನ ತೋಟದಲ್ಲಿ ಅವಳ ಜೊತೆ ದುಡಿದವರು. ಅವರು ಅವಳನ್ನು ಹೊತ್ತ ರೀತಿಯೇ ಬೇರೆಯಾಗಿತ್ತು. ಅತ್ತುಕೊಂಡೇ ನಡೆದರು, ಆದರೆ ಎದೆ ಮುಂದೆ ಮಾಡಿ ನಡೆದರು. ಮುರಗೆಪ್ಪ ಮುಂಚೂಣಿಯಲ್ಲಿ ತಲೆ ತಗ್ಗಿಸಿಕೊಂಡು ಹೊರಟ. ಹಿಂದೆ ಉಳಿದರೆ ಜನ ಏನೆಂದಾರು ಎಂಬ ಭಯಕ್ಕೆ ಮುಂದೆ ನಡೆದಿದ್ದ.

ವಂದನೆಗೆಂದು ಮೆರವಣಿಗೆ ಬುದ್ಧವಿಹಾರದ ಮುಂದೆ ನಿಂತಿತು. ಅಷ್ಟರಲ್ಲಿ ಕಸ್ತೂರೆವ್ವ ತೋಟದ ಹೆಣ್ಣುಮಕ್ಕಳನ್ನು ಕರೆದುಕೊಂಡು ಒಳದಾರಿಯಲ್ಲಿ ಎತ್ತಲೋ ಹೋದದ್ದನ್ನು ಯಾರೂ ಗಮನಿಸಲಿಲ್ಲ.

ವಿಹಾರದಿಂದ ಹೊರಟು ದವಾಖಾನೆಯ ಓಣಿಗೆ ತಿರುಗಿದ ಮೆರವಣಿಗೆ ಗಕ್ಕನೆ ನಿಂತುಬಿಟ್ಟಿತು. ಮುಂದೆ ದಾರಿಯೇ ಇರಲಿಲ್ಲ. ಗೋಡೆಯಿಂದ ಗೋಡೆಯವರೆಗೆ ಕ್ರೇಟುಗಳು. ವಸತಿಗೃಹದ ಬಾಗಿಲು, ಕಿಟಕಿ ಎಲ್ಲ ತೆರೆದಿದ್ದವು. ಹೆಣ್ಣುಮಕ್ಕಳು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿ ಕ್ರೇಟುಗಳನ್ನು ಹೊರಗೆ ಎಸೆಯುತ್ತಿದ್ದರು. ಮೆರವಣಿಗೆ ಕಂಡೊಡನೆ ಎಸೆಯುವುದನ್ನು ನಿಲ್ಲಿಸಿ ತಲೆಯ ಮೇಲೆ ಸೆರಗು ಎಳೆದುಕೊಂಡು ನಿಂತರು. ಬಾಗಿಲಲ್ಲಿ ಕಸ್ತೂರೆವ್ವ, ಮುಖ ಮೈಯೆಲ್ಲ ಧೂಳು.

"ಯಾರಲೇ ಅಲ್ಲೆ! ಸರಸ್ರೋ ಇವನ್ನ!" ಎಂದು ಮುರಗೆಪ್ಪ ಅಭ್ಯಾಸದಂತೆ ಹಿಂದೆ ತಿರುಗಿ ಕೂಗಿದ.

ಅವನ ಆಳುಗಳೆಲ್ಲ ಅಲ್ಲೇ ಇದ್ದರು. ಕೆಲವರ ಹೆಗಲ ಮೇಲೆ ಸುಂದರಾ ಇದ್ದಳು, ಉಳಿದವರು ಹೆಗಲು ಬದಲಿಸಲು ಪಕ್ಕದಲ್ಲಿ ನಿಂತಿದ್ದರು. ಒಬ್ಬನೂ ಅಲುಗಲಿಲ್ಲ. ದಾದಾಸಾಹೇಬ ಉರಿಯುವ ಮೇಣದಬತ್ತಿಗೆ ಅಂಗೈ ಅಡ್ಡ ಹಿಡಿದು ಸುಮ್ಮನೆ ಕಾಯುತ್ತಿದ್ದ.

ಮುರಗೆಪ್ಪ ಹೆಗಲು ಕೊಟ್ಟವರ ಮುಖ ಒಂದೊಂದಾಗಿ ನೋಡಿದ. ಆಮೇಲೆ ಅಂಗಿಯ ತೋಳು ಮಡಚಿ, ಬಾಗಿ, ಮೊದಲ ಕ್ರೇಟುಗಳನ್ನು ಎತ್ತಿ ಗೋಡೆಯ ಬದಿಗೆ ಇಟ್ಟ. ಹೆಣ ಹೊತ್ತವರು ಒಂದು ಹೆಜ್ಜೆ ಮುಂದೆ ಬಂದರು. ಅವನು ಇನ್ನಷ್ಟು ಎತ್ತಿದ. ಅವರು ಇನ್ನೊಂದು ಹೆಜ್ಜೆ ಬಂದರು. ಹೀಗೆ ಬಾಗುತ್ತ ಎತ್ತುತ್ತ, ಬಿಳಿ ಅಂಗಿಯೆಲ್ಲ ಬೆವರಾಗಿ, ಸಾವಕಾರ ಮುರಗೆಪ್ಪ ಓಣಿಯ ಕೊನೆಯವರೆಗೂ ಸುಂದರಾಳಿಗೆ ದಾರಿ ಬಿಡಿಸಿಕೊಡುತ್ತ ಮುಂದೆ ಮುಂದೆ ನಡೆದ.